ಹಾಜರಿ ಪುಸ್ತಕದಲ್ಲಿ ಕಾಣುವ ಹಬ್ಬಗಳು

ಪ್ರತಿ ವರ್ಷ ನವೆಂಬರ್ ಆಸುಪಾಸಿಗೆ ರಾಜ್ಯ ಸರ್ಕಾರದ ಮುಂದಿನ ವರ್ಷದ ರಜೆ ಪಟ್ಟಿ ಬರುತ್ತದೆ. ಬಂದ ಸಂಜೆಯೇ ಅದು ನಮ್ಮ ಶಿಕ್ಷಕರ ವಾಟ್ಸಾಪ್ ಗುಂಪಿನಲ್ಲಿ ಇರುತ್ತದೆ. ಯಾವ ಹಬ್ಬ ಭಾನುವಾರ ಬಿದ್ದು ರಜೆ ಹೋಯಿತು, ಎಲ್ಲಿ ಮೂರು ದಿನ ಒಟ್ಟಿಗೆ ಸಿಗುತ್ತದೆ ಎಂದು ಎಲ್ಲರೂ ಹುಡುಕುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ದೂರದ ಊರಿನವರು ಬಸ್ಸಿನ ಟಿಕೆಟ್ ನೋಡಿಕೊಳ್ಳಬೇಕಲ್ವಾ. ನಾನು ಆ ಪಟ್ಟಿಯನ್ನು ಹಳೆಯ ಹಾಜರಿ ಪುಸ್ತಕದ ಪಕ್ಕ ಇಟ್ಟುಕೊಂಡು ಓದುತ್ತೇನೆ. ಪಟ್ಟಿಯಲ್ಲಿ ರಜೆ ಇಲ್ಲ, ಆದರೂ ತರಗತಿ ಅರ್ಧ ಖಾಲಿ. ಅಂಥ ದಿನಗಳು ಯಾವುವು ಎಂದು ಗುರುತು ಹಾಕಿಕೊಳ್ಳುತ್ತೇನೆ.

ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಈ ಕಡೆ ನಮ್ಮನ್ನು ಅಕ್ಕೋರು ಅನ್ನುತ್ತಾರೆ. ಹುಟ್ಟಿದ್ದು ಶಿರಸಿ ಹತ್ತಿರದ ಹಳ್ಳಿಯಲ್ಲಿ. ಕೆಲಸ ಮೊದಲು ಮುಂಡಗೋಡ ತಾಲ್ಲೂಕಿನಲ್ಲಿ, ಆಮೇಲೆ ಭಟ್ಕಳ, ಅಂಕೋಲಾ, ಈಗ ಕಾರವಾರ. ಉತ್ತರ ಕನ್ನಡದಲ್ಲಿ 12 ತಾಲ್ಲೂಕುಗಳಿವೆ. ನಾನು ಕಂಡ ನಾಲ್ಕರಲ್ಲೇ ಮಕ್ಕಳು ಬಾರದ ದಿನಗಳು ಒಂದಕ್ಕೊಂದು ಹೊಂದುವುದಿಲ್ಲ.

ಮೊದಲು ಪಟ್ಟಿಯ ಬಗ್ಗೆ ಸ್ವಲ್ಪ ಹೇಳುತ್ತೇನೆ. ಇಡೀ ದೇಶಕ್ಕೆ ಒಂದೇ ಆದ ರಾಷ್ಟ್ರೀಯ ರಜೆ ಮೂರೇ. ಜನವರಿ 26, ಆಗಸ್ಟ್ 15, ಅಕ್ಟೋಬರ್ 2. ಉಳಿದದ್ದನ್ನು ಆಯಾ ರಾಜ್ಯ ಸೇರಿಸಿಕೊಳ್ಳುತ್ತದೆ. ನಮ್ಮಲ್ಲಿ ಯುಗಾದಿ, ರಂಜಾನ್, ಗುಡ್ ಫ್ರೈಡೆ, ಮಹಾವೀರ ಜಯಂತಿ, ಅಂಬೇಡ್ಕರ್ ಜಯಂತಿ, ಬಸವ ಜಯಂತಿ, ವಾಲ್ಮೀಕಿ ಜಯಂತಿ, ಕನಕದಾಸ ಜಯಂತಿ, ಕ್ರಿಸ್ಮಸ್, ನವೆಂಬರ್ 1ರ ರಾಜ್ಯೋತ್ಸವ ಹೀಗೆ ಸಾಗುತ್ತದೆ. ಇವು ಸಾರ್ವತ್ರಿಕ ರಜೆ. ಇದರ ಜೊತೆ ಪರಿಮಿತ ರಜೆ ಅಂತ ಇನ್ನೊಂದು ಪಟ್ಟಿ ಇರುತ್ತದೆ. ಹೋಳಿ, ವರಮಹಾಲಕ್ಷ್ಮಿ ವ್ರತ, ಉಪಾಕರ್ಮ, ಬುದ್ಧ ಪೂರ್ಣಿಮೆ, ಕನ್ಯಾ ಮರಿಯಮ್ಮ ಜಯಂತಿ ಎಲ್ಲ ಅದರಲ್ಲಿ ಬರುತ್ತವೆ. ನೌಕರರು ವರ್ಷಕ್ಕೆ ಎರಡನ್ನು ಆರಿಸಿಕೊಳ್ಳಬಹುದು. ಈ ಆರಿಸಿಕೊಳ್ಳುವ ವ್ಯವಸ್ಥೆ ನನಗೆ ಬಹಳ ಒಳ್ಳೆಯದು ಅನಿಸುತ್ತದೆ. ಇಷ್ಟು ದೇವರು, ಇಷ್ಟು ಗುರುಗಳು ಇರುವ ದೇಶದಲ್ಲಿ ಎಲ್ಲರಿಗೂ ಎಲ್ಲ ದಿನ ರಜೆ ಕೊಡಲು ಆಗುವುದಿಲ್ಲ. ನಿನಗೆ ಯಾವ ದಿನ ಮುಖ್ಯ, ನೀನೇ ಹೇಳು ಎಂದು ಕೇಳುವುದು ನ್ಯಾಯ.

ಮಕ್ಕಳಿಗೆ ಮಾತ್ರ ಹೀಗೆ ಯಾರೂ ಕೇಳುವುದಿಲ್ಲ.

ಕಾರವಾರಕ್ಕೆ ಬಂದ ಮೇಲೆ ಪಟ್ಟಿಗಳೂ ಹಲವು ಎಂದು ಗೊತ್ತಾಯಿತು. ಕೈಗಾ ಅಣು ವಿದ್ಯುತ್ ಸ್ಥಾವರ, ಕದಂಬ ನೌಕಾನೆಲೆ ಇವೆಲ್ಲ ಕೇಂದ್ರದ ಲೆಕ್ಕ. ಬ್ಯಾಂಕಿನ ರಜೆ 1881ರ ನೆಗೋಷಿಯೇಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ ಪ್ರಕಾರ. ಮಾಜಾಳಿ ಗಡಿ ದಾಟಿದರೆ ಗೋವಾದ ಪಟ್ಟಿ. ಅಲ್ಲಿ ಡಿಸೆಂಬರ್ 3 ಸಂತ ಫ್ರಾನ್ಸಿಸ್ ಕ್ಸೇವಿಯರ್ ಹಬ್ಬ, ಡಿಸೆಂಬರ್ 19 ಗೋವಾ ವಿಮೋಚನಾ ದಿನ. ಚೌತಿಗೆ ನಮ್ಮಲ್ಲಿ ಒಂದು ದಿನ ರಜೆ, ಅಲ್ಲಿ ಎರಡು. ನನ್ನ ತರಗತಿಯಲ್ಲಿ ಒಬ್ಬಳು ಹುಡುಗಿ ಇದ್ದಾಳೆ. ಅಪ್ಪ ಗೋವಾದ ಕಾರ್ಖಾನೆಯಲ್ಲಿ, ಅಮ್ಮ ಇಲ್ಲಿನ ಅಂಗನವಾಡಿಯಲ್ಲಿ, ಚಿಕ್ಕಪ್ಪ ನೌಕಾನೆಲೆಯಲ್ಲಿ. ಚೌತಿಯ ಮರುದಿನ ಅಪ್ಪ ಮನೆಯಲ್ಲಿ ಇರುತ್ತಾರೆ, ಮಗಳಿಗೆ ಶಾಲೆ. ತಿಂಗಳುಗಟ್ಟಲೆ ಕಾದು ಸಿಕ್ಕ ಅಪ್ಪನನ್ನು ಬಿಟ್ಟು, ಮನೆಯಲ್ಲಿ ಮಾಟೋಳಿಗೆ, ಅಂದರೆ ಮೇಲೆ ತೂಗುಬಿಟ್ಟ ಮರದ ಚೌಕಟ್ಟಿಗೆ, ಕಟ್ಟಿದ ಹಣ್ಣುಗಳ ಕೆಳಗೆ ಗಣಪತಿ ಕೂತಿರುವಾಗ, ಅವಳು ಭಿನ್ನರಾಶಿ ಕಲಿಯಲು ಬರಬೇಕಾ? ಅವಳು ಬರುವುದಿಲ್ಲ. ನಾನು ಬಾ ಎಂದು ಕರೆಯುವುದೂ ಇಲ್ಲ.

ಮುಂಡಗೋಡದ ನೆನಪು ಚಿಕ್ಕದು, ಆದರೆ ಬಿಟ್ಟು ಹೋಗುವಂಥದ್ದಲ್ಲ. ಅಲ್ಲಿ 1966ರಿಂದ ಟಿಬೆಟಿಯನ್ ಕ್ಯಾಂಪ್ ಇದೆ. ಟಿಬೆಟಿನ ಮಕ್ಕಳಿಗೆ ಅವರದೇ ಶಾಲೆಗಳಿವೆ. ನಮ್ಮ ಶಾಲೆಗೆ ಬರುತ್ತಿದ್ದದ್ದು ಕ್ಯಾಂಪಿನಲ್ಲಿ ಕೆಲಸ ಮಾಡುವ, ತರಕಾರಿ ಮಾರುವ ಅಮ್ಮಂದಿರ ಮಕ್ಕಳು. ಲೋಸರ್ ಅಂದರೆ ಟಿಬೆಟಿನ ಹೊಸ ವರ್ಷ, ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುತ್ತದೆ. ಕ್ಯಾಂಪಿಗೆ ರಜೆ ಅಂದರೆ ಅಮ್ಮನಿಗೂ ರಜೆ. ಅಮ್ಮನಿಗೆ ರಜೆ ಇದ್ದ ದಿನ ಮಕ್ಕಳಿಗೂ ಶಾಲೆ ಬೇಡ. ಸಿದ್ದಿ ಮಕ್ಕಳ ವಿಷಯ ಇನ್ನೂ ಚೆನ್ನಾಗಿತ್ತು. ಸಿದ್ದಿಗಳಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಮೂವರೂ ಇದ್ದಾರೆ. ಕ್ರಿಸ್ಮಸ್ಸಿಗೆ ಮಾವನ ಮನೆ, ಮೊಹರಂಗೆ ದೊಡ್ಡಮ್ಮನ ಮನೆ, ದೀಪಾವಳಿಗೆ ಸ್ವಂತ ಮನೆ ಎಂದು ಒಬ್ಬ ಹುಡುಗ ನನಗೆ ಲೆಕ್ಕ ಒಪ್ಪಿಸಿದ್ದ. ಅವನ ಮುಖದಲ್ಲಿ ಎಷ್ಟು ಹೆಮ್ಮೆ ಇತ್ತು!

ಭಟ್ಕಳ ನನಗೆ ಚಂದ್ರನನ್ನು ಕಲಿಸಿದ ಊರು. ಅಲ್ಲಿನ ನವಾಯತರು ಕೇರಳದ ಮುಸ್ಲಿಮರ ಹಾಗೆ ಶಾಫಿ ಪಂಥದವರು. ಕರಾವಳಿಯಲ್ಲಿ ಚಂದ್ರ ಕಂಡ ಸುದ್ದಿಗೆ ಕೇರಳದ ಕಡೆ ಕಿವಿ ಕೊಡುತ್ತಾರೆ. ಹಾಗಾಗಿ ಎಷ್ಟೋ ವರ್ಷ ಬೆಂಗಳೂರಿನಲ್ಲಿ ಹಬ್ಬ ಆಗುವ ಹಿಂದಿನ ದಿನವೇ ಇಲ್ಲಿ ಈದ್ ಆಗಿಬಿಡುತ್ತದೆ. ಸರ್ಕಾರದ ಆದೇಶದಲ್ಲಿ ಇದಕ್ಕೂ ಒಂದು ಸಾಲು ಇರುತ್ತದೆ. ಮುಸ್ಲಿಂ ಹಬ್ಬ ಪಟ್ಟಿಯಲ್ಲಿರುವ ದಿನ ಬೀಳದಿದ್ದರೆ, ಸರ್ಕಾರಿ ಸೇವೆಯಲ್ಲಿರುವ ಮುಸ್ಲಿಮರಿಗೆ ಆ ರಜೆಯ ಬದಲು ಹಬ್ಬದ ದಿನವೇ ರಜೆ ಕೊಡಬಹುದು. ಅದನ್ನು ಬರೆದವರು ಯಾರೋ, ಅವರಿಗೆ ನನ್ನ ನಮಸ್ಕಾರ. ಆಕಾಶವನ್ನು ನೋಡಿ ಬರೆದ ಸಾಲು ಅದು. ಆದರೆ ಅದು ನೌಕರರಿಗೆ ಮಾತ್ರ. ಏಳನೇ ತರಗತಿಯ ಹುಡುಗಿಗೆ ಅನ್ವಯಿಸುವುದಿಲ್ಲ.

ಒಂದು ಜೂನ್‌ನಲ್ಲಿ ಹೀಗೇ ಆಯಿತು. ಶಾಲೆ ಶುರುವಾಗಿ ಸ್ವಲ್ಪ ದಿನವಾಗಿತ್ತು. ಮಳೆ ಹಿಡಿದಿತ್ತು, ನಮ್ಮ ಮೇಲಿನ ಆಕಾಶದಲ್ಲಿ ಚಂದ್ರ ಕಾಣುವ ಮಾತೇ ಇರಲಿಲ್ಲ. ರಾತ್ರಿ ಒಬ್ಬ ವಿದ್ಯಾರ್ಥಿನಿಯ ಅಣ್ಣ ಫೋನ್ ಮಾಡಿದ. “ಟೀಚರ್, ಚಂದ್ರ ಕಂಡಿದೆಯಂತೆ. ನಾಳೆಯೇ ಹಬ್ಬ. ತಂಗಿಗೆ ನಾಳೆ ಗಣಿತದ ಕಿರುಪರೀಕ್ಷೆ ಇದೆ ಅಂತ ಅಳುತ್ತಿದ್ದಾಳೆ.” ಹೊಸ ಬಟ್ಟೆ ಹಾಸಿಗೆಯ ಪಕ್ಕ ಇಟ್ಟುಕೊಂಡು ಮಗು ಪರೀಕ್ಷೆಗೆ ಅಳುವುದು ನನಗೆ ಸಹಿಸಲಾಗಲಿಲ್ಲ. ಮುಖ್ಯ ಶಿಕ್ಷಕರಿಗೆ ರಾತ್ರಿಯೇ ಹೇಳಿದೆ. ಅವರು ಒಂದು ಮಾತೂ ಎದುರಾಡದೆ ಪರೀಕ್ಷೆಯನ್ನು ಮುಂದಿನ ವಾರಕ್ಕೆ ಹಾಕಿದರು. ಮರುದಿನ ಬಂದಿದ್ದ ಮಕ್ಕಳನ್ನು ಕೂರಿಸಿಕೊಂಡು, ನಿಮ್ಮ ಗೆಳತಿಯರು ಇವತ್ತು ಯಾಕೆ ಬಂದಿಲ್ಲ ಗೊತ್ತಾ ಎಂದು ಪಾಠ ಶುರು ಮಾಡಿದೆ. ಆ ಪಾಠವನ್ನು ಅಂದಿನಿಂದ ಪ್ರತಿ ವರ್ಷ ಮಾಡುತ್ತಿದ್ದೇನೆ.

ಕಪ್ಪು ಹಲಗೆಯ ಮೇಲೆ ಹಬ್ಬಗಳ ತಾರೀಖು ಬರೆಸುತ್ತೇನೆ. ಚೌತಿ 2022ರಲ್ಲಿ ಆಗಸ್ಟ್ 31, 2023ರಲ್ಲಿ ಸೆಪ್ಟೆಂಬರ್ 18. ರಂಜಾನ್ ರಜೆ 2022ರಲ್ಲಿ ಮೇ 3, ಮರುವರ್ಷ ಏಪ್ರಿಲ್ 22, ಅದರ ಮರುವರ್ಷ ಏಪ್ರಿಲ್ 11. ಕ್ರಿಸ್ಮಸ್ ಯಾವಾಗಲೂ ಡಿಸೆಂಬರ್ 25. ಈಗ ನೋಡಿ, ಯಾಕೆ ಹೀಗೆ ಎಂದು ಕೇಳುತ್ತೇನೆ. ಮಕ್ಕಳು ಬೇಗ ಕಂಡುಹಿಡಿಯುತ್ತಾರೆ. ಈದ್ ವರ್ಷಕ್ಕೆ ಸುಮಾರು 11 ದಿನ ಹಿಂದೆ ಬರುತ್ತದೆ, ಯಾಕೆಂದರೆ ಹಿಜ್ರಿ ವರ್ಷಕ್ಕೆ 354 ಅಥವಾ 355 ದಿನ. ನಮ್ಮ ಪಂಚಾಂಗವೂ ಚಂದ್ರನ ಲೆಕ್ಕವೇ, ಆದರೆ ಮಧ್ಯೆ ಮಧ್ಯೆ ಅಧಿಕ ಮಾಸ ಸೇರಿಸಿ ಮಳೆ ಬೆಳೆಗೆ ಹೊಂದಿಸಿಕೊಳ್ಳುತ್ತದೆ. 2023ರಲ್ಲಿ ಅಧಿಕ ಶ್ರಾವಣ ಬಂದಿದ್ದರಿಂದ ಚೌತಿ ಮುಂದೆ ಹೋಯಿತು. ಗುಡ್ ಫ್ರೈಡೆಗೂ ಚಂದ್ರ ಬೇಕು. ಮಾರ್ಚ್ 21ರಂದು ಅಥವಾ ಅದರ ನಂತರ ಬರುವ ಹುಣ್ಣಿಮೆ ಆದ ಮೇಲಿನ ಭಾನುವಾರ ಈಸ್ಟರ್, ಅದರ ಹಿಂದಿನ ಶುಕ್ರವಾರ ಗುಡ್ ಫ್ರೈಡೆ. ಸಂಕ್ರಾಂತಿ ಮಾತ್ರ ಸೂರ್ಯನ ಹಬ್ಬ, ಜನವರಿ 14 ಅಥವಾ 15 ಬಿಟ್ಟು ಕದಲುವುದಿಲ್ಲ. ಒಂದೇ ಚಂದ್ರನನ್ನು ಮೂರು ಜನ ಮೂರು ರೀತಿ ಎಣಿಸುತ್ತಾರೆ ಎಂದು ಗೊತ್ತಾದಾಗ ಆರನೇ ತರಗತಿಯ ಮಕ್ಕಳ ಕಣ್ಣು ಅರಳುವುದನ್ನು ನೋಡಬೇಕು. ಗಣಿತ, ವಿಜ್ಞಾನ, ಸಮಾಜ ಮೂರೂ ಒಂದೇ ತಾಸಿನಲ್ಲಿ ಆಗುತ್ತದೆ. ಪಠ್ಯಪುಸ್ತಕದಲ್ಲಿ ಈ ಪಾಠ ಇರಬೇಕಿತ್ತು.

ಅಂಕೋಲಾದಲ್ಲಿ ಬೇರೆಯದೇ ಚಿಂತೆ. ಅಲ್ಲಿ ಹಾಲಕ್ಕಿ ಒಕ್ಕಲಿಗರ ಮಕ್ಕಳು ಜಾಸ್ತಿ. ಪದ್ಮಶ್ರೀ ಪಡೆದ ಸುಕ್ರಿ ಬೊಮ್ಮಗೌಡರ ಸಮಾಜ. ಫಾಲ್ಗುಣದಲ್ಲಿ ಸುಗ್ಗಿ ಕುಣಿತ ಶುರುವಾದರೆ ತಲೆಗೆ ತುರಾಯಿ ಕಟ್ಟಿದ ತಂಡಗಳು ಗುಮಟೆ ಬಾರಿಸುತ್ತಾ ಮನೆಯಿಂದ ಮನೆಗೆ, ಊರಿಂದ ಊರಿಗೆ ಹೋಗುತ್ತವೆ. ಹೋಳಿ ಹುಣ್ಣಿಮೆವರೆಗೆ ಇದೇ ಸಂಭ್ರಮ. ದೊಡ್ಡವರ ಹಿಂದೆ ಮಕ್ಕಳೂ ಹೋಗುತ್ತಾರೆ. ಅದು ವಾರ್ಷಿಕ ಪರೀಕ್ಷೆಯ ಹೊತ್ತು. ಹೋಳಿ ಪರಿಮಿತ ರಜೆಯಷ್ಟೇ, ಶಾಲೆಗೆ ರಜೆ ಇಲ್ಲ. ಸುಗ್ಗಿಗೆ ಹೋದ ಹುಡುಗರನ್ನು ಬೈದು ಕರೆತರಬೇಕು ಎನ್ನುವ ಶಿಕ್ಷಕರೂ ಇದ್ದಾರೆ. ಅವರ ಕಾಳಜಿ ನನಗೆ ಅರ್ಥವಾಗುತ್ತದೆ, ಆದರೂ ನಾನು ಒಪ್ಪುವುದಿಲ್ಲ. ಆ ಹುಡುಗ ತಾಳ ಕಲಿಯುವುದು, ಹಾಡು ಕಲಿಯುವುದು, ಅಜ್ಜನ ಪಕ್ಕ ಹೆಜ್ಜೆ ಹಾಕುವುದು ಆ ಕೆಲವೇ ದಿನಗಳಲ್ಲಿ. ಅದು ತಪ್ಪಿದರೆ ಒಂದು ವರ್ಷ ಕಾಯಬೇಕು. ನನ್ನ ಪಾಠವನ್ನು ಸೋಮವಾರ ಮತ್ತೆ ಹೇಳಬಹುದು. ಅಂಕೋಲಾದ ಬಂಡಿಹಬ್ಬ ಮಾತ್ರ ವೈಶಾಖ ಹುಣ್ಣಿಮೆಗೆ, ಬೇಸಿಗೆ ರಜೆಯಲ್ಲಿ ಬರುತ್ತದೆ. ಅದೊಂದು ನಿಶ್ಚಿಂತೆ.

ನಮ್ಮ ಶಿರಸಿ ಕಡೆ ಎರಡು ವರ್ಷಕ್ಕೊಮ್ಮೆ ಮಾರಿಕಾಂಬಾ ಜಾತ್ರೆ. ಮಂಗಳವಾರ ಕಲ್ಯಾಣ, ಬುಧವಾರ ದೇವಿ ರಥ ಏರಿ ಬಿಡಕಿಬೈಲಿಗೆ ಬರುತ್ತಾಳೆ. ಜಾತ್ರೆ ಇಲ್ಲದ ವರ್ಷ ಹೋಳಿಯ ಮುಂಚಿನ ರಾತ್ರಿಗಳಲ್ಲಿ ಬೇಡರ ವೇಷದ ಕುಣಿತ. ಅಂದರೆ ಶಿರಸಿಯ ಮಕ್ಕಳಿಗೆ ಯಾವ ವರ್ಷವೂ ಫಾಲ್ಗುಣ ಸುಮ್ನೆ ಹೋಗುವುದಿಲ್ಲ. ನಾನು ಆ ಮಕ್ಕಳಲ್ಲಿ ಒಬ್ಬಳಾಗಿದ್ದೆ. ಜಾತ್ರೆಗೆ ನೆಂಟರು ತುಂಬಿದ ಮನೆಯಿಂದ ಯಾರನ್ನೂ ಶಾಲೆಗೆ ಅಟ್ಟುತ್ತಿರಲಿಲ್ಲ.

ಕಾರವಾರದ ಶಾಲೆಯಲ್ಲಿ ಈ ವಿಷಯ ನನಗಿಂತ ಚೆನ್ನಾಗಿ ಗೊತ್ತಿರುವುದು ಬಿಸಿಯೂಟ ಮಾಡುವ ಅಕ್ಕನಿಗೆ. ಅವರು ಮೀನುಗಾರರ ಮನೆಯವರು. ಐದನೇ ತರಗತಿವರೆಗೆ ಮಗುವಿಗೆ 100 ಗ್ರಾಂ ಅಕ್ಕಿ, ಆರರಿಂದ ಎಂಟಕ್ಕೆ 150 ಗ್ರಾಂ. ಎಷ್ಟು ಮಕ್ಕಳು ಬರುತ್ತಾರೆ ಎಂದು ತಿಳಿಯದೆ ಅಳೆದರೆ ಅನ್ನ ಹಾಳು. ಅದಕ್ಕೆ ಅವರು ಹಿಂದಿನ ದಿನವೇ ಹೇಳುತ್ತಾರೆ.

“ಅಕ್ಕೋರೆ, ನಾಳೆ ಅರ್ಧ ಅಕ್ಕಿ ಸಾಕು.”

“ಯಾಕಕ್ಕಾ?”

“ನಾಳೆ ಕೂರ್ಮಗಡ ಜಾತ್ರೆ ಅಲ್ವಾ. ಕೋಡಿಬಾಗದವ್ರು, ಬೈತಖೋಲದವ್ರು ಒಬ್ರೂ ಬರೂದಿಲ್ಲ.”

ಕೂರ್ಮಗಡ ಸಮುದ್ರದ ನಡುವಿನ ನಡುಗಡ್ಡೆ. ಪುಷ್ಯ ಹುಣ್ಣಿಮೆಗೆ ಅಲ್ಲಿ ನರಸಿಂಹ ದೇವರ ಜಾತ್ರೆ. ಸಿಂಗರಿಸಿದ ದೋಣಿಗಳಲ್ಲಿ ಜನ ಹೋಗುತ್ತಾರೆ. 2019ರ ಜನವರಿಯಲ್ಲಿ ಜಾತ್ರೆ ಮುಗಿಸಿ ಬರುವಾಗ ದೋಣಿ ಮುಳುಗಿ 16 ಜನ ತೀರಿಕೊಂಡರು. ಆ ಸಂಕಟ ಊರಿನಲ್ಲಿ ಇನ್ನೂ ಇದೆ. ಜಾತ್ರೆಗೆ ಹೋಗುವ ಮಕ್ಕಳ ಹೆಸರು ನಾನು ಹಿಂದಿನ ದಿನವೇ ಬರೆದುಕೊಳ್ಳುತ್ತೇನೆ. ಲೈಫ್ ಜಾಕೆಟ್ ಹಾಕದೆ ದೋಣಿ ಹತ್ತಬಾರದು ಎಂದು ತರಗತಿಯಲ್ಲಿ ಹೇಳಿಸುತ್ತೇನೆ. ಹಬ್ಬ ನಮ್ಮ ಪಟ್ಟಿಯಲ್ಲಿ ಇಲ್ಲ ಎಂದು ಸುಮ್ಮನಿದ್ದರೆ ಈ ಮಾತನ್ನು ಹೇಳುವ ಸಂದರ್ಭವೇ ಬರುವುದಿಲ್ಲ.

ನೂಲ ಹುಣ್ಣಿಮೆಯೂ ಹಾಗೆಯೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೋಣಿಗಳು ದಡದಲ್ಲಿ, ಅಪ್ಪಂದಿರು ಮನೆಯಲ್ಲಿ ಬಲೆ ಹೆಣೆಯುತ್ತಾ. ಆಮೇಲೆ ಬರುವ ಶ್ರಾವಣ ಹುಣ್ಣಿಮೆಗೆ ಸಮುದ್ರಕ್ಕೆ ತೆಂಗಿನಕಾಯಿ ಅರ್ಪಿಸಿ ಪೂಜೆ. ಪರಿಮಿತ ರಜೆ ಪಟ್ಟಿಯಲ್ಲಿ ಉಪಾಕರ್ಮ ಎಂದು ಜನಿವಾರದ ಹೆಸರಿನಲ್ಲಿ ಬರುವ ಹುಣ್ಣಿಮೆ, ನನ್ನ ತರಗತಿಯ ಮುಕ್ಕಾಲು ಮಕ್ಕಳಿಗೆ ಕಡಲಿನ ಹುಣ್ಣಿಮೆ.

ರಾಷ್ಟ್ರೀಯ ಹಬ್ಬಗಳನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಶಿಕ್ಷಕರಿಗೆ ಆಗಸ್ಟ್ 15 ಅಂದರೆ ಬೇಗ ಏಳುವ ದಿನ. ಸುರಿವ ಮಳೆಯಲ್ಲಿ ಧ್ವಜ ಏರಿಸಿ, ಒದ್ದೆ ಸಮವಸ್ತ್ರದ ಮಕ್ಕಳಿಗೆ ಸಿಹಿ ಹಂಚುವುದು ನನಗೆ ಬೇಸರ ತಂದದ್ದೇ ಇಲ್ಲ. ರಾಜ್ಯೋತ್ಸವ ಇನ್ನೂ ಇಷ್ಟ. ಕಾರವಾರ 1956ರವರೆಗೆ ಮುಂಬಯಿ ರಾಜ್ಯದಲ್ಲಿತ್ತು. ನಮ್ಮ ಮಕ್ಕಳ ಅಜ್ಜಂದಿರಲ್ಲಿ ಮರಾಠಿ ಶಾಲೆಯಲ್ಲಿ ಓದಿದವರಿದ್ದಾರೆ. ಮನೆಯಲ್ಲಿ ಎಲ್ಲರದೂ ಕೊಂಕಣಿ. ಆ ಮನೆಗಳಿಂದ ಬಂದ ಮಕ್ಕಳು ನವೆಂಬರ್ 1ರ ಬೆಳಿಗ್ಗೆ ಕನ್ನಡದಲ್ಲಿ ಭಾಷಣ ಮಾಡುತ್ತಾರೆ, ಅಜ್ಜಿಯರು ಬಂದು ಕೂತು ಕೇಳುತ್ತಾರೆ. ಮೊಮ್ಮಗ ಮುಗಿಸಿದ ಕೂಡಲೇ ಕೊಂಕಣಿಯಲ್ಲಿ ಶಹಭಾಸ್ ಹೇಳುತ್ತಾರೆ. ಒಂದು ಭಾಷೆಯನ್ನು ಪ್ರೀತಿಸಲು ಇನ್ನೊಂದನ್ನು ಮನೆಯಲ್ಲಿ ಬಿಟ್ಟು ಬರಬೇಕಾಗಿಲ್ಲ ಎಂದು ನಾನು ನಂಬಿರುವುದು ಅವರನ್ನು ನೋಡಿಯೇ.

ಹಾಗಾದರೆ ಎಲ್ಲ ಹಬ್ಬಕ್ಕೂ ರಜೆ ಕೊಡಬೇಕಾ? ಆಗುವುದಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಶಾಲೆ ನಡೆಯಬೇಕು. ನಮ್ಮ ಜಿಲ್ಲೆಯಲ್ಲಿ ಮಳೆಯೂ ತನ್ನ ಪಾಲು ಕೇಳುತ್ತದೆ. ಜುಲೈಯಲ್ಲಿ ರೆಡ್ ಅಲರ್ಟ್ ಬಂದರೆ “ಡಿಸಿ ರಜೆ ಕೊಟ್ರಾ?” ಎಂದು ರಾತ್ರಿಯಿಂದಲೇ ಫೋನ್. ಕೊಡಲೇಬೇಕು. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದದ್ದನ್ನು ನೋಡಿದವರು ಮಳೆ ರಜೆಯನ್ನು ಹಗುರವಾಗಿ ಮಾತಾಡುವುದಿಲ್ಲ. ಆದರೆ ಹೋದ ದಿನಗಳನ್ನು ಶನಿವಾರ ಮಧ್ಯಾಹ್ನವೂ ಪಾಠ ಮಾಡಿ ತುಂಬಬೇಕು. ಹಾಗಾಗಿ ಸ್ಥಳೀಯ ರಜೆ ಪಡೆಯುವ ದಾರಿ ಇದ್ದರೂ ಶಾಲೆಗಳು ಹಿಂದೆ ಮುಂದೆ ನೋಡುತ್ತವೆ. ಕೊಟ್ಟರೂ ಅದು ಊರಿನ ಅತಿ ದೊಡ್ಡ ಜಾತ್ರೆಗೇ ಹೋಗುತ್ತದೆ.

ರಾಜ್ಯದ ಪಟ್ಟಿಯಲ್ಲಿ ಒಂದೇ ಒಂದು ಜಿಲ್ಲೆಗೆ ಪ್ರತ್ಯೇಕ ದಿನಗಳಿವೆ. ಕೊಡಗಿಗೆ ಕೈಲ್ ಮುಹೂರ್ತ, ತುಲಾ ಸಂಕ್ರಮಣ, ಹುತ್ತರಿ. ಕೊಡಗು 1956ರವರೆಗೆ ಬೇರೆಯೇ ರಾಜ್ಯವಾಗಿತ್ತು. ಅದು ಅವರಿಗೆ ಸಿಕ್ಕಿದ್ದು ಸರಿಯೇ. ನಮಗೂ ಹಾಗೆ ಬೇಕು ಎಂದು ಮೊದಲು ಅನಿಸುತ್ತಿತ್ತು. ಈಗ ಜಿಲ್ಲೆಗೆ ಅಂತ ಕೇಳಿ ಪ್ರಯೋಜನ ಇಲ್ಲ ಅನಿಸುತ್ತದೆ. ಘಟ್ಟದ ಮೇಲಿನವರ ದಿನ ಘಟ್ಟದ ಕೆಳಗಿನವರಿಗೆ ಆಗುವುದಿಲ್ಲ. ಇದನ್ನು ಶಾಲೆಯ ಮಟ್ಟದಲ್ಲೇ, ವರ್ಷದ ಆರಂಭದಲ್ಲೇ, ತಂದೆ ತಾಯಿಯರನ್ನು ಕೂರಿಸಿಕೊಂಡು ತೀರ್ಮಾನಿಸಬೇಕು. ಜೊತೆಗೆ ರಜೆ ಕೊಡಲಾಗದ ಹಬ್ಬದ ದಿನ ಹೊಸ ಪಾಠ ಬೇಡ, ಪರೀಕ್ಷೆ ಬೇಡ. ಬಂದ ಮಕ್ಕಳಿಗೆ ಪುನರಾವರ್ತನೆ, ಓದು, ಚಿತ್ರ. ಒಂದು ಮಗು ಬಾರದಿದ್ದರೂ ಇದೇ ನಿಯಮ. ನನ್ನ ತರಗತಿಯಲ್ಲಿ ಇದನ್ನು ಬಹಳ ಕಾಲದಿಂದ ನಡೆಸುತ್ತಿದ್ದೇನೆ. ಪಾಠ ಹಿಂದೆ ಬಿದ್ದಿಲ್ಲ.

ಈ ಜೂನ್‌ನಲ್ಲಿ ಎಸ್‌ಡಿಎಂಸಿ ಅಂದರೆ ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ವಿಷಯ ಎತ್ತಿದೆವು. ಮುಖ್ಯ ಶಿಕ್ಷಕರು ಕ್ಯಾಲೆಂಡರ್ ಬಿಚ್ಚಿಟ್ಟರು. ಚೌತಿಯ ಮರುದಿನ ಎಂದು ಹಲವರು, ಕೂರ್ಮಗಡ ಜಾತ್ರೆ ಎಂದು ಕೋಡಿಬಾಗದವರು. ಮುಸ್ಲಿಂ ತಂದೆಯೊಬ್ಬರು ಈದ್ ಒಂದು ದಿನ ಆಚೀಚೆ ಆದರೆ ಏನು ಮಾಡುವುದು ಎಂದು ಕೇಳಿದರು. ಆ ದಿನ ಪರೀಕ್ಷೆ ಇರುವುದಿಲ್ಲ ಎಂದು ನಡಾವಳಿಯಲ್ಲೇ ಬರೆದೆವು. ಹಿಂದಿನ ಸಾಲಿನಲ್ಲಿದ್ದ ಕ್ರೈಸ್ತ ತಾಯಿಯೊಬ್ಬರನ್ನು ನಾನೇ ಕೇಳಿದೆ. ಅವರ ಮನೆಯವರು ಡಿಸೆಂಬರ್ 3ಕ್ಕೆ ಹಳೆ ಗೋವಾಕ್ಕೆ ಹೋಗುವುದು ನನಗೆ ಗೊತ್ತಿತ್ತು. “ನಮ್ಮ ಒಬ್ಬ ಹುಡುಗನಿಗೋಸ್ಕರ ಶಾಲೆ ಮುಚ್ಚೋದು ಬೇಡ ಅಕ್ಕೋರೆ” ಎಂದರು. “ಆ ದಿನದ ಪಾಠ ಮರುದಿನ ಅವನಿಗೆ ಇನ್ನೊಮ್ಮೆ ಹೇಳಿ, ಅಷ್ಟು ಸಾಕು.” ಅದನ್ನೂ ನಡಾವಳಿಯಲ್ಲಿ ಬರೆದೆವು.

ಕೊನೆಗೆ ಚೌತಿಯ ಮರುದಿನ, ನೂಲ ಹುಣ್ಣಿಮೆ, ಕೂರ್ಮಗಡ ಜಾತ್ರೆ ಈ ಮೂರಕ್ಕೆ ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಕಚೇರಿಗೆ ಅರ್ಜಿ ಹೋಗಿದೆ. ಬದಲಿಗೆ ಶನಿವಾರಗಳಂದು ಪೂರ್ತಿ ದಿನ ಶಾಲೆ. ಹೋಳಿಯ ಬಗ್ಗೆ ಮಾತ್ರ ಒಮ್ಮತ ಬರಲಿಲ್ಲ. ಪರೀಕ್ಷೆ ಹತ್ತಿರ, ಬೇಡ ಎಂದು ಕೆಲವರು. ಬೇಕೇ ಬೇಕು ಎಂದು ಉಳಿದವರು. ಜನವರಿ ಸಭೆಯಲ್ಲಿ ಪರೀಕ್ಷೆಯ ವೇಳಾಪಟ್ಟಿ ಎದುರಿಗಿಟ್ಟುಕೊಂಡು ಮತ್ತೆ ಮಾತಾಡುತ್ತೇವೆ.